ದೊಡ್ಡ ಹಬ್ಬಕ್ಕೆ ತುಮರಿಗೆ: ಬಿ.ಎಚ್. ರಸ್ತೆಯಲ್ಲಿ ಐದು ದಿನ

ಸಾಗರ ಸೀಮೆಯ ಬಾಯಲ್ಲಿ ದೀಪಾವಳಿ ಎಂದರೆ ದೊಡ್ಡ ಹಬ್ಬ, ಇನ್ನೂ ಸಲೀಸಾಗಿ ಹೇಳಿದರೆ ದೊಡ್ಡಬ್ಬ. ಬೆಂಗಳೂರಲ್ಲಿರುವ ಮಕ್ಕಳು ಮೊಮ್ಮಕ್ಕಳು ಕಾರು ಕಟ್ಟಿಕೊಂಡು ಶರಾವತಿ ಹಿನ್ನೀರಿನಾಚೆಯ ತುಮರಿಯಂಥ ಊರಿಗೆ ಹೊರಡುವ ಹಬ್ಬ ಇದು. ಯಾವ ದಿನ ಹೊರಡಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಬಲಿಪಾಡ್ಯಮಿಯ ಊಟಕ್ಕೆ ಸರಿಯಾಗಿ ಇಳಿಯುವವರು ನೆಂಟರು, ಹಂಡೆಗೆ ನೀರು ತುಂಬುವ ಹೊತ್ತಿಗೆ ಇಳಿಯುವವರು ಮನೆಯವರು. ಆದ್ದರಿಂದ ಈ ಲೆಕ್ಕ ತ್ರಯೋದಶಿಯಿಂದ ಶುರು. ತಿಥಿ ಕೆಲವು ವರ್ಷ ಹಿಂದೆಮುಂದೆ ಆಗಿ, ರಜೆಪಟ್ಟಿಯ ದಿನಕ್ಕೂ ಊರಿನ ಆಚರಣೆಗೂ ಒಂದು ದಿನದ ವ್ಯತ್ಯಾಸ ಬರುವುದುಂಟು. ರಜೆ ಹಾಕುವ ಮೊದಲು ಊರಿಗೆ ಒಂದು ಫೋನು ಮಾಡಿ ಕೇಳಿಕೊಳ್ಳಿ.

ಹಿಂದಿನ ಸಂಜೆ

ಡಿಕ್ಕಿಗೆ ಸಾಮಾನು ತುಂಬುವ ಮೊದಲು ಜಾಕ್, ವೀಲ್ ಸ್ಪ್ಯಾನರ್, ಎಚ್ಚರಿಕೆಯ ತ್ರಿಕೋನ, ಈ ಮೂರನ್ನು ತೆಗೆದು ಮುಂದಿನ ಸೀಟಿನ ಕೆಳಗಿಡಿ. ಬಹುತೇಕ ಸಣ್ಣ ಕಾರುಗಳಲ್ಲಿ ಸ್ಟೆಪ್ನಿ ಡಿಕ್ಕಿಯ ಹಾಸಿನ ಅಡಿಯಲ್ಲಿರುತ್ತದೆ. ಪಂಕ್ಚರ್ ಆದಾಗ ಇಡೀ ಸಂಸಾರದ ಗಂಟುಮೂಟೆ ರಸ್ತೆಬದಿಗೆ ಇಳಿಸುವುದು ಹೇಗೂ ತಪ್ಪದು, ಜೊತೆಗೆ ಸ್ಪ್ಯಾನರನ್ನೂ ಹುಡುಕುವಂತಾಗಬಾರದು. ಸ್ಟೆಪ್ನಿಯ ಗಾಳಿಯನ್ನು ಇವತ್ತೇ ನೋಡಿಸಿ. ವರ್ಷಗಟ್ಟಲೆ ಮುಟ್ಟದ ಸ್ಟೆಪ್ನಿಯಲ್ಲಿ ಅರ್ಧ ಗಾಳಿಯೂ ಇರುವುದಿಲ್ಲ.

ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಟೈರಿನ ಗಾಳಿಗೆ ಎರಡು ಲೆಕ್ಕ ಇರುತ್ತದೆ, ಕಡಿಮೆ ಜನಕ್ಕೆ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು. ಈ ಪ್ರಯಾಣಕ್ಕೆ ಎರಡನೆಯದು ಬೇಕು. ಟೈರು ತಣ್ಣಗಿರುವಾಗಲೇ ಹಾಕಿಸಬೇಕು, ಓಡಿ ಬಿಸಿಯಾದ ಟೈರು ಒತ್ತಡವನ್ನು ಹೆಚ್ಚಾಗಿ ತೋರಿಸಿ ಮೋಸ ಮಾಡುತ್ತದೆ. ಹಿಂದೆ ಭಾರ ಬಿದ್ದಾಗ ಕಾರಿನ ಮೂತಿ ಮೇಲೇಳುತ್ತದೆ, ಹೆಡ್‌ಲೈಟ್ ನೇರವಾಗಿ ಎದುರಿನವನ ಕಣ್ಣಿಗೆ ಬಡಿಯುತ್ತದೆ. ಸ್ಟೀರಿಂಗ್ ಪಕ್ಕದ ಸೊನ್ನೆ, ಒಂದು, ಎರಡು, ಮೂರು ಎಂದು ಬರೆದ ಸಣ್ಣ ಚಕ್ರ ಇರುವುದು ಇದಕ್ಕೇ. ಕಾರು ತುಂಬಿದ್ದರೆ ಅದನ್ನು ಎರಡಕ್ಕೋ ಮೂರಕ್ಕೋ ತಿರುಗಿಸಿ. ಆ ಚಕ್ರವನ್ನು ಒಮ್ಮೆಯೂ ಮುಟ್ಟದೆ ಕಾರು ಮಾರಿದವರೂ ಇದ್ದಾರೆ.

ಊರಿಗೆ ಏನು ಒಯ್ಯಬೇಕು? ಮಿಠಾಯಿ ಡಬ್ಬಿ ಬೇಡ, ಅಲ್ಲಿ ನಾಲ್ಕು ದಿನ ಸಿಹಿಗೆ ಬರವಿಲ್ಲ. ಹಿರಿಯರ ಬಿಪಿ, ಶುಗರ್ ಮಾತ್ರೆ ಮೂರು ತಿಂಗಳಿಗಾಗುವಷ್ಟು (ಹಳೆಯ ಚೀಟಿಯ ಫೋಟೋ ತರಿಸಿಕೊಂಡು ಅದೇ ಮಿಲಿಗ್ರಾಂ ನೋಡಿ ಕೊಳ್ಳಿ), ಸಕ್ಕರೆ ಅಳೆಯುವ ಯಂತ್ರದ ಪಟ್ಟಿ, ಇನ್ವರ್ಟರ್ ಬ್ಯಾಟರಿಗೆ ಐದು ಲೀಟರ್ ಡಿಸ್ಟಿಲ್ಡ್ ವಾಟರ್, ತಲೆಗೆ ಕಟ್ಟುವ ಒಂದು ಒಳ್ಳೆಯ ಟಾರ್ಚು. ಬಟ್ಟೆ ಮನೆಮಂದಿಗೆ ಮಾತ್ರ ಸಾಲದು. ತೋಟದ ಕೆಲಸಕ್ಕೆ ಬರುವವರಿಗೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ, ಕೊಟ್ಟಿಗೆ ನೋಡಿಕೊಳ್ಳುವಾಕೆಗೆ ಒಂದೊಂದು ಇರಲಿ. ಮಕ್ಕಳಿಲ್ಲದ ವರ್ಷವಿಡೀ ಆ ಮನೆ ನಡೆದದ್ದು ಇವರಿಂದ. ಪಟಾಕಿಯನ್ನು ಕಾರಿನಲ್ಲಿ ಒಯ್ಯಲೇಬೇಡಿ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಮದ್ದಿಗೆ ತಕ್ಕ ಜಾಗವಲ್ಲ, ಬೇಕಾದರೆ ಸಾಗರದಲ್ಲೇ ಸಿಗುತ್ತದೆ.

ಮೊದಲ ದಿನ, ತ್ರಯೋದಶಿ

ಬೆಳಗಿನ ಜಾವ 4.30ಕ್ಕೆ ಕಾರು ಹೊರಟಿರಬೇಕು. ಐದೂವರೆ ಆಯಿತೆಂದರೆ ಗೊರಗುಂಟೆಪಾಳ್ಯ, ದಾಸರಹಳ್ಳಿ, ನೆಲಮಂಗಲ ಮೂರೂ ಸೇರಿ ಒಂದು ಗಂಟೆ ನುಂಗುತ್ತವೆ. ಹಿಂದಿನ ರಾತ್ರಿಯೇ ಹೊರಡುವ ಆಲೋಚನೆ ಇನ್ನೂ ಕೆಟ್ಟದ್ದು, ಕಚೇರಿ ಮುಗಿಸಿದ ಇಡೀ ಊರು ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿರುತ್ತದೆ. ಫಾಸ್ಟ್ಯಾಗ್‌ನಲ್ಲಿ ಹಣ ಇದೆಯೇ, ಕೆವೈಸಿ ಸರಿಯಿದೆಯೇ ನೋಡಿರಿ. 2025ರ ನವೆಂಬರ್ 15ರಂದು ಜಾರಿಗೆ ಬಂದ ನಿಯಮದಲ್ಲಿ ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಟ್ಯಾಗ್ ಕೈಕೊಟ್ಟರೆ ನಗದಿಗೆ ಎರಡು ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು ಕಟ್ಟಬೇಕಿತ್ತು.

ಆರು ಗಂಟೆಗೆ ಕ್ಯಾತ್ಸಂದ್ರ, ತಟ್ಟೆ ಇಡ್ಲಿ. ಎರಡು ಸಾಕು. ಮೂರನೆಯದು ತಿಂದ ಚಾಲಕನಿಗೆ ಗುಬ್ಬಿ ದಾಟುವಷ್ಟರಲ್ಲಿ ತೂಕಡಿಕೆ ಖಾತ್ರಿ.

ತುಮಕೂರಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದರೆ ಅಲ್ಲಿಂದ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಹೆದ್ದಾರಿ ಇಲಾಖೆ ಸಂಖ್ಯೆ ಬದಲಿಸಿ ವರ್ಷಗಳಾದರೂ ಜನ ಇದನ್ನು ಇನ್ನೂ 206 ಎಂದೇ ಕರೆಯುತ್ತಾರೆ. ತುಮಕೂರು, ತಿಪಟೂರು, ಶಿವಮೊಗ್ಗ, ಸಾಗರ, ಎಲ್ಲಿ ಇಳಿದು ಕೇಳಿದರೂ ಪೇಟೆಯ ಮುಖ್ಯ ಬೀದಿಯ ಹೆಸರು ಬಿ.ಎಚ್. ರಸ್ತೆಯೇ. ಊರಿಗೆ ಹೋಗುವವರು ಹಾಗೆ ನೋಡಿದರೆ ಇಡೀ ದಿನ ಒಂದೇ ಬೀದಿಯಲ್ಲಿ ಹೋಗುತ್ತಿರುತ್ತಾರೆ.

ತಿಪಟೂರು 7.45, ಅರಸೀಕೆರೆ 8.15, ಬಾಣಾವರ ದಾಟಿ ಕಡೂರು ಒಂಬತ್ತೂಕಾಲು. ಚತುಷ್ಪಥ ಆದ ಕಡೆ ವೇಗ ಸಿಗುತ್ತದೆ. ಅದು ಮುಗಿದು ಹಳೆಯ ರಸ್ತೆಗೆ ಇಳಿಯುವ ತಿರುವಿನಲ್ಲಿ, ಊರೊಳಗಿನ ಬಣ್ಣ ಮಾಸಿದ ಹಂಪುಗಳಲ್ಲಿ ಆ ವೇಗವೇ ಮುಳುವು. ತುಂಬಿದ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ ಇರುತ್ತದೆ, ದಿನಾ ದಾಟುವ ರಸ್ತೆಯುಬ್ಬಿಗೂ ಅವತ್ತು ಸೈಲೆನ್ಸರ್ ಉಜ್ಜುತ್ತದೆ. ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗಕ್ಕೆ ಹನ್ನೊಂದು. ಎರಡು ಗಂಟೆಗೊಮ್ಮೆ ಚಾಲಕ ಬದಲಾಗಲಿ, ಬದಲಿಗೆ ಜನ ಇಲ್ಲದಿದ್ದರೆ ಹತ್ತು ನಿಮಿಷ ಇಳಿದು ಓಡಾಡಲಿ.

ಶಿವಮೊಗ್ಗ ಬಿಟ್ಟರೆ ಆಯನೂರು, ಕುಂಸಿ, ಚೋರಡಿ, ಆನಂದಪುರ. ನೋಡನೋಡುತ್ತಿದ್ದಂತೆ ತೆಂಗು ಹಿಂದೆ ಸರಿದು ಅಡಿಕೆ ಶುರುವಾಗುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ರಸ್ತೆಯಂಚು ಕೊರೆದಿರುತ್ತದೆ, ಎದುರಿನ ಬಸ್ಸಿಗೆ ದಾರಿ ಬಿಡಲು ಎಡ ಚಕ್ರವನ್ನು ಡಾಂಬರಿನಿಂದ ಕೆಳಗಿಳಿಸುವಾಗ ನಿಧಾನ. ಸಾಗರದಲ್ಲಿ ಮೂರು ಕೆಲಸ ಮುಗಿಸಿಕೊಳ್ಳಿ. ಟ್ಯಾಂಕ್ ತುಂಬಿಸಿ. ಎಟಿಎಮ್‌ನಿಂದ ಹಣ ತೆಗೆದು ಹತ್ತು, ಇಪ್ಪತ್ತು, ನೂರರ ಚಿಲ್ಲರೆ ಮಾಡಿಸಿ. ಫೋನಿನ ಆಫ್‌ಲೈನ್ ನಕ್ಷೆಯನ್ನು ಹೊಸದಾಗಿ ಇಳಿಸಿ. ಮುಂದೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಳೆಯ ನಕ್ಷೆಯಲ್ಲಿ ಸೇತುವೆಯೇ ಇರುವುದಿಲ್ಲ.

ಆ ಸೇತುವೆಯ ಬಗ್ಗೆ ಎರಡು ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹರಡಿಕೊಂಡಾಗ ಕರೂರು ಹೋಬಳಿಯ ಊರುಗಳು ಹಿನ್ನೀರಿನ ಆಚೆ ಉಳಿದುಹೋದವು. ನಾಡಿಗೆ ವಿದ್ಯುತ್ತು ಬಂತು, ತುಮರಿಗೆ ಬಂದದ್ದು ಲಾಂಚು. ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದು, ಸಾಲಿನಲ್ಲಿ ಕಾರು ನಿಲ್ಲಿಸಿ, ತಮ್ಮ ಸರದಿಗೆ ಕಾಯುವುದು ದಶಕಗಳ ಪದ್ಧತಿ. ಹಬ್ಬದ ದಿನಗಳಲ್ಲಿ ಸಿಗಂದೂರಿನ ಯಾತ್ರಿಕರೂ ಸೇರಿ ಸಾಲು ಬೆಳೆಯುತ್ತಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಮನೆಯ ದೀಪ ಆಚೆ ದಡದಲ್ಲಿ, ನೀವು ಈಚೆ ದಡದಲ್ಲಿ. ಇಲ್ಲವೆ ಹೊಸನಗರದ ಕಡೆಯಿಂದ ಕಾಡುದಾರಿ ಸುತ್ತಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸುಮಾರು 2.4 ಕಿ.ಮೀ. ಉದ್ದ, ದಾಟಲು ಕೆಲವೇ ನಿಮಿಷ. ಬೆಂಗಳೂರಿನಲ್ಲಿ ಹೊರಡುವ ಹೊತ್ತನ್ನು ಲಾಂಚಿನ ಹೊತ್ತು ನಿರ್ಧರಿಸುತ್ತಿದ್ದ ಕಾಲ ಮುಗಿಯಿತು. ಸೇತುವೆಯ ನಡುವೆ ಫೋಟೋಗೆಂದು ಕಾರು ನಿಲ್ಲಿಸಬೇಡಿ, ಹಿಂದಿನಿಂದ ಬರುವ ಆಂಬುಲೆನ್ಸಿಗೂ ಅದೊಂದೇ ದಾರಿ. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂದು ಇಡೀ ಆಯುಷ್ಯ ಹೆದರಿಕೊಂಡು ಬದುಕಿದ ಅಜ್ಜಿಯಂದಿರು ಆಚೆ ದಡದ ಮನೆಗಳಲ್ಲಿದ್ದಾರೆ.

ಎರಡು ಗಂಟೆಯ ಹೊತ್ತಿಗೆ ಅಂಗಳ. ಸಾಮಾನು ಇಳಿಸುವಾಗ "ಎಂತಕ್ಕೆ ತಂದದ್ದು ಇದೆಲ್ಲ?" ಎಂಬ ಗದರಿಕೆ ಬರುತ್ತದೆ. ಧನ್ಯವಾದ ಎಂಬ ಪದ ಆ ಜಗಲಿಯಲ್ಲಿ ಯಾರ ಬಾಯಲ್ಲೂ ಹುಟ್ಟುವುದಿಲ್ಲ, ಆ ಗದರಿಕೆಯೇ ಅದು.

ಸಂಜೆ ನೀರು ತುಂಬುವುದು. ಬಚ್ಚಲ ತಾಮ್ರದ ಹಂಡೆಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಬೇಕು. ಹಣ್ಣು ಹಚ್ಚಿ ಕಾಲು ಗಂಟೆ ಬಿಟ್ಟು ತಿಕ್ಕಿದರೆ ಅರ್ಧ ಶ್ರಮ, ಹಚ್ಚಿದ ಕೂಡಲೇ ತಿಕ್ಕಿದರೆ ತೋಳು ಸೋಲುತ್ತದೆ. ತೊಳೆದು, ಒಣಗಿಸಿ, ಕೊರಳಿಗೆ ಶೇಡಿಯ (ಬಿಳಿಮಣ್ಣಿನ) ಗೆರೆ ಎಳೆದು, ಹಿಂಡಲಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಸೇದಿದ ನೀರು ತುಂಬಬೇಕು. ಪಂಪು ಇದ್ದರೂ ಇವತ್ತು ಕೊಡ, ಹಗ್ಗ, ರಾಟೆ. ಒಂಬತ್ತೂವರೆ ಗಂಟೆ ಕಾರಿನಲ್ಲಿ ಮಡಚಿ ಕೂತ ಬೆನ್ನಿಗೆ ಇದು ಔಷಧ ಎನ್ನುವವರೂ ಇದ್ದಾರೆ, ಮರುದಿನ ಏಳಲಾರದವರೂ ಇದ್ದಾರೆ.

ಎರಡನೆಯ ದಿನ, ಚತುರ್ದಶಿ

ಮೂರೂವರೆಗೆ ಒಲೆ ಹೊತ್ತಬೇಕು, ಒಣ ಸೋಗೆ ಮೊದಲು, ತೆಂಗಿನ ಸಿಪ್ಪೆ ಆಮೇಲೆ, ದಪ್ಪ ಕಟ್ಟಿಗೆ ಕೊನೆಗೆ. ಬಿಸಿ ಮಾಡಿದ ಎಣ್ಣೆ ನೆತ್ತಿಗೆ, ಬೆನ್ನಿಗೆ. ಸೀಗೆಪುಡಿ ಸೇರಿದ ಎಣ್ಣೆನೀರು ಕಲ್ಲುಚಪ್ಪಡಿಯ ಮೇಲೆ ಬೆಣ್ಣೆಯಂತೆ ಜಾರುತ್ತದೆ, ಹಿರಿಯರು ಕಾಲಿಡುವ ಜಾಗಕ್ಕೆ ಗೋಣಿಚೀಲ ಹಾಸಿ. ಕಲಶದಲ್ಲಿ ಬಲೀಂದ್ರ ಕೂರುತ್ತಾನೆ, ತೆಂಗಿನಕಾಯಿ, ಅಡಿಕೆ ಸಿಂಗಾರ ಇಟ್ಟು. ವಿವರ ಮನೆಯಿಂದ ಮನೆಗೆ ಬೇರೆ, ಹಿರಿಯರು ಹೇಳಿದಂತೆ ಕೈಜೋಡಿಸಿದರೆ ಸಾಕು. ಎಣ್ಣೆಸ್ನಾನದ ದಿನ ನಿದ್ದೆ ತಡೆಯುವುದಿಲ್ಲ, ಕಾರಿನ ಕೀಲಿ ಮೊಳೆಗೇ ಇರಲಿ. ಜೋಗ ನೋಡಿಬರುವ ಆಸೆ ಇದ್ದರೆ ಇವತ್ತಲ್ಲ.

ಅಡುಗೆಮನೆಯಲ್ಲಿ ಸೌತೆಕಾಯಿ ಕಡುಬು. ಬೇಲಿಯ ಮೇಲೆ ಬಲಿತು ಹಳದಿಯಾದ ಮಲೆನಾಡಿನ ದಪ್ಪ ಸೌತೆಯೇ ಬೇಕು, ನಗರದ ಎಳೆ ಸೌತೆಗೆ ಆ ವಾಸನೆ ಇಲ್ಲ. ತುದಿ ಕೊಯ್ದು ಕಹಿಯೇ ಎಂದು ನಾಲಿಗೆಗೆ ಮುಟ್ಟಿಸಿ ನೋಡಿ, ಒಂದು ಕಹಿಕಾಯಿ ಇಡೀ ಪಾತ್ರೆ ಕೆಡಿಸುತ್ತದೆ. ತಿರುಳು, ಬೀಜ ತೆಗೆದು ತುರಿದದ್ದು ನಾಲ್ಕು ಲೋಟ, ಬೆಲ್ಲ ಒಂದೂವರೆ ಲೋಟ, ತೆಂಗಿನತುರಿ ಒಂದು ಲೋಟ, ಚಿಟಿಕೆ ಉಪ್ಪು, ಏಲಕ್ಕಿ. ಬೆಲ್ಲ ಬಿದ್ದೊಡನೆ ಸೌತೆ ನೀರು ಬಿಡಲು ಶುರುಮಾಡುತ್ತದೆ. ಕಡುಬು ಕೆಡುವುದೆಲ್ಲ ಇಲ್ಲೇ. ಆ ನೀರು ಎಷ್ಟು ಬಂತೆಂದು ಹತ್ತು ನಿಮಿಷ ಕಾದು ನೋಡಿ, ಆಮೇಲೆ ಅಕ್ಕಿತರಿ ಹಾಕಬೇಕು, ಸುಮಾರು ಎರಡು ಲೋಟ, ನೀರು ಹೆಚ್ಚಿದ್ದರೆ ಇನ್ನರ್ಧ. ತರಿಯನ್ನು ಮೊದಲೇ ಅಳೆದು ಸುರಿದವರ ಕಡುಬು ಒಂದೋ ಅಂಟು, ಇಲ್ಲವೆ ಕಲ್ಲು. ಬಾಳೆಯೆಲೆ ಅಥವಾ ಅರಿಶಿನದ ಎಲೆಯಲ್ಲಿ ಮಡಚಿ ಮುಕ್ಕಾಲು ಗಂಟೆ ಹಬೆ. ಬಿಸಿಯಲ್ಲಿ ಬಿಡಿಸಿದರೆ ಎಲೆಗೆ ಅಂಟುತ್ತದೆ, ಸ್ವಲ್ಪ ಆರಲಿ. ಮೇಲೆ ತುಪ್ಪ.

ಮೂರನೆಯ ದಿನ, ಅಮಾವಾಸ್ಯೆ

ದೊಡ್ಡ ಕೆಲಸವೆಲ್ಲ ನಾಳೆ ದನಗಳ ಕೊರಳಿಗೆ ಕಟ್ಟುವ ಮಾಲೆಯದು. ಬೆಳಿಗ್ಗೆ ತೋಟಕ್ಕೆ ಇಳಿದು ಹಣ್ಣಡಿಕೆ ಆರಿಸಿ ತರಬೇಕು. ಅಡಿಕೆ ತೋಟದ ಕಾಲುದಾರಿಯಲ್ಲಿ ಉಂಬಳ (ಜಿಗಣೆ) ಇನ್ನೂ ಇರುತ್ತದೆ, ಹತ್ತಿದರೆ ಎಳೆಯದೆ ಉಪ್ಪು ಮುಟ್ಟಿಸಿ. ಚೆಂಡುಹೂವು, ಪಚ್ಚೆತೆನೆ, ಹಣ್ಣಡಿಕೆ, ಮೂರನ್ನೂ ಸರದಿಯಾಗಿ ಪೋಣಿಸುತ್ತಾರೆ. ಅಡಿಕೆಗೆ ದಬ್ಬಣ ಬೇಕು. ಕಾಯಿಯ ನಡುಮಧ್ಯಕ್ಕೆ ಚುಚ್ಚಿದರೆ ಒಳಗಿನ ಗೋಟು ತಡೆಯುತ್ತದೆ, ತೊಟ್ಟಿನ ಬದಿಯ ಸಿಪ್ಪೆಯಲ್ಲಿ ಓರೆಯಾಗಿ ತೂರಿಸಿದರೆ ಸುಲಭ. ದಾರ ಪ್ಲಾಸ್ಟಿಕ್ಕಿನದಾಗಬಾರದು. ಮರುದಿನ ದನ ಪರಸ್ಪರ ಮಾಲೆ ಕಚ್ಚಿ ಎಳೆದು ತಿನ್ನುತ್ತವೆ, ನುಂಗಿದ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿಯುತ್ತದೆ. ಬಾಳೆನಾರು ಒಳ್ಳೆಯದು, ಅದು ಎಳೆದರೆ ಹರಿಯುತ್ತದೆ, ಬೇಲಿಗೆ ಸಿಕ್ಕಿಕೊಂಡರೆ ಕೊರಳು ಬಿಗಿಯುವುದಿಲ್ಲ. ಒಂದು ಹಸುವಿಗೆ ನಾಲ್ಕಡಿ ನಾರು, ಕರುವಿಗೆ ಎರಡೂವರೆ. ಜಗಲಿಯಲ್ಲಿ ಸುತ್ತ ಕೂತು ಪೋಣಿಸುವ ಈ ಎರಡು ಮೂರು ತಾಸಿನಲ್ಲೇ ಊರಿನ ವರ್ಷದ ಸುದ್ದಿಯೆಲ್ಲ ಸಿಗುವುದು. ಯಾರ ತೋಟಕ್ಕೆ ಕೊಳೆರೋಗ ಬಂತು, ಯಾರು ಆಸ್ಪತ್ರೆ ಸೇರಿದ್ದರು, ಆಗ ಯಾರು ಬಂದು ಹಾಲು ಕರೆದುಕೊಟ್ಟರು. ಕೇಳಿಸಿಕೊಂಡರೆ ನಾಳೆ ಯಾವ ಮನೆಗೆ ಮೊದಲು ಹೋಗಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಸಂಜೆ ಲಕ್ಷ್ಮೀಪೂಜೆ. ಪಟಾಕಿ ಹಚ್ಚುವವರು ಕೊಟ್ಟಿಗೆ, ಹುಲ್ಲಿನ ಬಣವೆ ಎರಡರಿಂದಲೂ ದೂರ ಹೋಗಿ. ರಾತ್ರಿಯಿಡೀ ಬೆದರಿದ ದನ ಬೆಳಿಗ್ಗೆ ಮೈ ಮುಟ್ಟಗೊಡುವುದಿಲ್ಲ.

ನಾಲ್ಕನೆಯ ದಿನ, ಪಾಡ್ಯ

ದನಕ್ಕೆ ಸ್ನಾನ ಬೆಳಿಗ್ಗೆ ಬೇಗ, ಯಾಕೆಂದರೆ ಬಣ್ಣ ಹಚ್ಚುವ ಮೊದಲು ಮೈ ಪೂರ್ತಿ ಒಣಗಬೇಕು, ಅದಕ್ಕೆ ಬಿಸಿಲಿನಲ್ಲಿ ಒಂದೂವರೆ ತಾಸು. ಶೇಡಿ, ಕೆಮ್ಮಣ್ಣು ಬೇರೆ ಬೇರೆ ಪಾತ್ರೆಯಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ. ಲೋಟದ ಬಾಯನ್ನು ಅದ್ದಿ ಮೈಮೇಲೆ ಒತ್ತಿದರೆ ದುಂಡನೆ ಅಚ್ಚು. ತೆಳ್ಳಗಾದರೆ ಹೊಟ್ಟೆಯವರೆಗೆ ಇಳಿಯುತ್ತದೆ, ದಪ್ಪಗಾದರೆ ಒಣಗಿ ಉದುರುತ್ತದೆ. ಅಂಗಡಿಯ ಪೇಂಟು, ಸ್ಪ್ರೇ ಬೇಡ, ದನ ಮೈ ನೆಕ್ಕಿಕೊಳ್ಳುತ್ತವೆ. ನಗರದಿಂದ ಬಂದವರು ಹಿಂದಿನಿಂದ ಹೋಗಬಾರದು, ಹೊಸ ಬಟ್ಟೆಯ ಸರಬರ, ಸೆಂಟಿನ ವಾಸನೆ, ಫೋನಿನ ಫ್ಲ್ಯಾಶು ಎಲ್ಲವೂ ಅವಕ್ಕೆ ಅಪರಿಚಿತ. ಮನೆಯವರು ಕೊಂಬು ಹಿಡಿದಿರುವಾಗ ಎದುರಿನ ಪಕ್ಕದಿಂದ, ದನಿ ಕೇಳಿಸುತ್ತ ಹೋಗಿ.

ಗೋಗ್ರಾಸದಲ್ಲಿ ಒಂದು ತಪ್ಪು ಪ್ರತಿವರ್ಷ ನಡೆಯುತ್ತದೆ. ಬಂದವರೆಲ್ಲ ಒಂದೊಂದು ಎಲೆ ಅನ್ನ, ಹೋಳಿಗೆ, ಬಾಳೆಹಣ್ಣು ಕೊಡುತ್ತಾರೆ. ಹುಲ್ಲಿಗೆ ಒಗ್ಗಿದ ಹೊಟ್ಟೆಯಲ್ಲಿ ಬೇಯಿಸಿದ ಅನ್ನ, ಬೆಲ್ಲ ಬೇಗನೆ ಹುಳಿಯುತ್ತವೆ. ಹೊಟ್ಟೆ ಉಬ್ಬರಿಸಿ ಹಬ್ಬದ ಸಂಜೆ ಪಶುವೈದ್ಯರನ್ನು ಹುಡುಕುವಂತಾಗುತ್ತದೆ. ಇಡೀ ಮನೆಯ ಲೆಕ್ಕದಲ್ಲಿ ಒಂದು ದನಕ್ಕೆ ಒಂದು ಸಣ್ಣ ಎಲೆ, ಪ್ರತಿಯೊಬ್ಬರ ಕೈಯಿಂದ ಒಂದು ತುತ್ತು. ಮಿಕ್ಕ ಭಕ್ತಿಯನ್ನು ಹಸಿಹುಲ್ಲಿನಲ್ಲಿ ತೋರಿಸಬಹುದು.

ಅವತ್ತು ಬಾವಿಗೆ, ತುಳಸಿಗೆ, ಕತ್ತಿ ಗುದ್ದಲಿಗೆ, ಪಂಪ್‌ಸೆಟ್ಟಿಗೆ ಎಲ್ಲಕ್ಕೂ ಅರಿಶಿನ ಕುಂಕುಮ, ಬೆಂಗಳೂರಿನ ಕಾರಿಗೂ. ಮಾಲೆ ಗ್ರಿಲ್ ಮುಚ್ಚದಂತೆ, ನಂಬರ್ ಪ್ಲೇಟಿಗೆ ಅಡ್ಡ ಬಾರದಂತೆ ಕಟ್ಟಿ. ಹಿಂಬದಿಯ ಕ್ಯಾಮೆರಾದ ಮೇಲೆ ಕುಂಕುಮ ಬಿದ್ದರೆ ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ಮಧ್ಯಾಹ್ನದ ಊಟಕ್ಕೆ ಮೊದಲು ಕೊನೆಗೌಡನ ಮನೆಗೆ, ಕೊಟ್ಟಿಗೆಯಾಕೆಯ ಮನೆಗೆ ಮಕ್ಕಳೇ ಹೋಗಿ ಬಟ್ಟೆ, ಹೋಳಿಗೆ, ತೆಂಗಿನಕಾಯಿ ಕೊಟ್ಟು ಬರುವುದು ಚೆನ್ನ. ಕರೆಸಿ ಕೊಡುವುದಕ್ಕೂ ಹೋಗಿ ಕೊಡುವುದಕ್ಕೂ ಇರುವ ಅಂತರ ಇಬ್ಬರಿಗೂ ಗೊತ್ತು.

ರಾತ್ರಿ ಅಂಟಿಗೆ ಪಂಟಿಗೆಯವರು ಬರುತ್ತಾರೆ. ಹೊತ್ತಿಸಿದ ದೀಪವನ್ನು ಆರಗೊಡದೆ ಹಾಡುತ್ತ ಮನೆಯಿಂದ ಮನೆಗೆ ನಡೆಯುವ ತಂಡ ಅದು. ಹಾಡು ದೂರದಲ್ಲಿ ಕೇಳಿದಾಗಲೇ ಎಣ್ಣೆಯ ಗಿಂಡಿ, ಮನೆಯ ಹಣತೆ ಸಿದ್ಧವಿರಲಿ. ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದ ಮನೆಯ ದೀಪ ಹಚ್ಚಿಕೊಳ್ಳಬೇಕು. ತಿನ್ನಲು ಏನಾದರೂ, ಕಾಣಿಕೆಗೆ ನಗದು. ಸಾಗರದಲ್ಲಿ ಮಾಡಿಸಿದ ಚಿಲ್ಲರೆ ಇಲ್ಲಿ ಬೇಕಾಗುವುದು. ದಾರಿಯಲ್ಲಿ ತಂಡ ಎದುರಾದರೆ ಕಾರು ಬದಿಗೆ ನಿಲ್ಲಿಸಿ ಹೆಡ್‌ಲೈಟ್ ಆರಿಸಿ, ಆ ಬೆಳಕಿಗೆ ಅವರ ಕಣ್ಣು ಕತ್ತಲಾಗುತ್ತದೆ.

ಐದನೆಯ ದಿನ, ವಾಪಸು

ಊಟ ಮುಗಿಸಿ ಎರಡು ಗಂಟೆಗೆ ಹೊರಡುವವರು ಹೋಳಿಗೆಯ ಮಂಪರಿನಲ್ಲಿ ಕಡೂರು ದಾಟಿ, ರಾತ್ರಿ ನೆಲಮಂಗಲದ ಸಾಲಿಗೆ ಸಿಕ್ಕಿ ಬೀಳುತ್ತಾರೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಮಧ್ಯಾಹ್ನ ಮೂರರೊಳಗೆ ಬೆಂಗಳೂರು. ಸೇತುವೆಯ ಮೇಲೆ ಹಿನ್ನೀರಿನ ಮಂಜು ದಟ್ಟವಾಗಿದ್ದರೆ ಲೋ ಬೀಮ್ ಮಾತ್ರ, ಹೈ ಬೀಮ್ ಮಂಜಿಗೆ ಬಡಿದು ಬಿಳಿಗೋಡೆಯಾಗಿ ಹಿಂದಿರುಗುತ್ತದೆ. ಗಾಜಿನ ಒಳಗಡೆ ಮಸುಕಾದರೆ ಎ.ಸಿ. ಹಾಕಿ ಹೊರಗಿನ ಗಾಳಿ ಒಳಬಿಡಿ. ಬರುವಾಗ ಬೆನ್ನಿಗಿದ್ದ ಸೂರ್ಯ ಈಗ ಏಳರಿಂದ ಒಂಬತ್ತರವರೆಗೆ ಕಣ್ಣೆದುರಿಗೆ, ಹಿಂದಿನ ರಾತ್ರಿಯೇ ಗಾಜನ್ನು ಒಳಗೂ ಹೊರಗೂ ಒರೆಸಿಟ್ಟಿರಬೇಕು.

ಡಿಕ್ಕಿ ಬರುವಾಗಿಗಿಂತ ಭಾರ. ಬೇಡ ಎಂದು ಯಾರೂ ಗೆದ್ದದ್ದಿಲ್ಲ, ಆದ್ದರಿಂದ ತುಂಬುವ ಕ್ರಮ ಗೊತ್ತಿರಲಿ. ಸಿಪ್ಪೆ ಸುಲಿಯದ ತೆಂಗಿನಕಾಯಿ ಹಿಂಬದಿ ಸೀಟಿಗೆ ಒತ್ತಿ, ತಳಕ್ಕೆ. ನಲವತ್ತು ಕಾಯಿ ಎಂದರೆ ಒಬ್ಬ ಮನುಷ್ಯನ ಹತ್ತಿರ ಹತ್ತಿರ ತೂಕ, ಐದು ಜನರಿದ್ದ ಸಣ್ಣ ಕಾರಿಗೆ ಇಪ್ಪತ್ತೇ ಸಾಕು. ಜೋನಿ ಬೆಲ್ಲದ (ನೀರಾದ ಬೆಲ್ಲದ) ಡಬ್ಬವನ್ನು ಮುಕ್ಕಾಲು ಮಾತ್ರ ತುಂಬಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಒಂದು ಬಕೆಟ್ಟಿನೊಳಗೆ ನೆಟ್ಟಗೆ ನಿಲ್ಲಿಸಿ. ಸೆಕೆಗೆ ಬೆಲ್ಲ ಹುದುಗಿ ಮುಚ್ಚಳ ಒದೆಯುತ್ತದೆ, ಬಕೆಟ್ಟು ಇಲ್ಲದಿದ್ದರೆ ಡಿಕ್ಕಿಯ ಹಾಸು ತೊಳೆಯುವುದು ಒಂದು ವಾರದ ಕೆಲಸ. ಅಪ್ಪೆಮಿಡಿ ಉಪ್ಪಿನಕಾಯಿಯದು ತದ್ವಿರುದ್ಧ, ಗಾಳಿಗೆ ಜಾಗವಿಲ್ಲದಂತೆ ಕಂಠಪೂರ್ತಿ ತುಂಬಬೇಕು, ಮೇಲೆ ತೇಲಿದ ಮಿಡಿಗೆ ಬೂಸಲು ಮೊದಲು. ಮುರುಗಲ (ಪುನರ್ಪುಳಿ) ಸಿಪ್ಪೆ, ಕಾಳುಮೆಣಸು ಎಲ್ಲಿಟ್ಟರೂ ನಡೆಯುತ್ತದೆ. ಬಾಳೆಗೊನೆ ಎಲ್ಲಕ್ಕಿಂತ ಮೇಲೆ, ಹಳೆಯ ಕಂಬಳಿಯಲ್ಲಿ ಸುತ್ತಿ. ಎಲ್ಲ ಆದ ಮೇಲೆ ಹೆಡ್‌ಲೈಟಿನ ಚಕ್ರ ಮತ್ತೊಮ್ಮೆ ಮೂರಕ್ಕೆ.

ಮೆಟ್ಟಿಲಿಳಿಯುವಾಗ "ಹೋಗ್ತೇವೆ" ಅನ್ನಬಾರದು, "ಹೋಗಿ ಬರ್ತೇವೆ". ಹಿರಿಯರು ಕೈಯಲ್ಲಿ ತುರುಕುವ ಮಡಚಿದ ನೋಟನ್ನು ನಲವತ್ತೈದು ವಯಸ್ಸಿನವರೂ ತೆಗೆದುಕೊಳ್ಳಬೇಕು, ಅಲ್ಲಿ ವಾದವಿಲ್ಲ.

ಬೆಂಗಳೂರು ಮುಟ್ಟಿದ ಕೂಡಲೇ, ಸಾಮಾನು ಇಳಿಸುವ ಮೊದಲೇ ಊರಿಗೆ ಫೋನು. ಅಲ್ಲಿ ಸಿಗ್ನಲ್ಲು ಸಿಗುವ ಜಾಗ ಅಂಗಳದ ಒಂದು ಮೂಲೆ ಮಾತ್ರ ಆಗಿದ್ದರೆ, ಮೂರು ಗಂಟೆಯಿಂದ ಅಲ್ಲೇ ಕುರ್ಚಿ ಹಾಕಿಕೊಂಡು ಯಾರೋ ಕೂತಿರುತ್ತಾರೆ. ಆಮೇಲೆ ಗೊನೆಯನ್ನು ಬಾಲ್ಕನಿಗೆ ನೇತುಹಾಕಿ, ಮೇಲಿನ ಚಿಪ್ಪಿನಿಂದ ಹಣ್ಣಾಗುತ್ತ ಬರುತ್ತದೆ. ಮೊದಲ ಚಿಪ್ಪು, ನಾಲ್ಕು ತೆಂಗಿನಕಾಯಿ, ಸಣ್ಣ ಸೀಸೆ ಜೋನಿ ಬೆಲ್ಲ, ಐದು ದಿನ ಗಿಡಕ್ಕೆ ನೀರು ಹಾಕಿದ ಪಕ್ಕದ ಮನೆಯವರಿಗೆ. "ಎಂತಕ್ಕೆ ತಂದಿರಿ ಇದೆಲ್ಲ?" ಎಂದು ಅವರೂ ಕೇಳುತ್ತಾರೆ.